ಕ್ಯಾರವಾನಿನಲ್ಲಿ ಪೊಲ್ಲಾಚಿ ಬಲೂನ್ ಹಬ್ಬಕ್ಕೆ: ಕಾಸರಗೋಡಿನಿಂದ ಹೋದವರು ಯಾರಾದರೂ ಇದ್ದೀರಾ?

ನೀರ್ಚಾಲು ನಿವಾಸಿ · ಡಿಸೆಂಬರ್ 8, ರಾತ್ರಿ 9.40

ನಮಸ್ಕಾರ ಎಲ್ಲರಿಗೂ. ಒಂದು ತಲೆಬಿಸಿ ಉಂಟು, ಹೇಳಿಕೊಳ್ಳುತ್ತೇನೆ.

ಪೊಂಗಲ್ ಹೊತ್ತಿಗೆ ತಮಿಳುನಾಡಿನ ಪೊಲ್ಲಾಚಿಯಲ್ಲಿ ಬಿಸಿಗಾಳಿ ಬಲೂನ್ ಹಬ್ಬ ಆಗುತ್ತದಲ್ಲ, ಈ ಸಲ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವ ಆಲೋಚನೆ. ಒಟ್ಟು ಎಂಟು ಜನ. ನಾವಿಬ್ಬರು, ಮಕ್ಕಳಿಬ್ಬರು, ಅಪ್ಪ, ಅಮ್ಮ, ತಂಗಿ, ಭಾವ. ಅಪ್ಪನಿಗೆ 74 ವರ್ಷ, ಮೊಣಕಾಲು ನೋವು. ಅಮ್ಮನಿಗೆ ಹೊರಗಿನ ಊಟ ಆಗುವುದಿಲ್ಲ. ಆರು ವರ್ಷದ ಮಗನಿಗೆ ತಿರುವಿನ ದಾರಿ ಬಂದರೆ ವಾಂತಿ.

ಮಗಳು ಮೊಬೈಲಿನಲ್ಲಿ ಅಮೆರಿಕದ ಬಲೂನ್ ಹಬ್ಬದ ವಿಡಿಯೋ ನೋಡಿದ್ದಾಳೆ. ಅಲ್ಲಿಯವರು ಒಲೆ, ಹಾಸಿಗೆ, ಕಕ್ಕಸು ಎಲ್ಲ ಇರುವ ದೊಡ್ಡ ಗಾಡಿ ತಂದು ಮೈದಾನದ ಪಕ್ಕದಲ್ಲೇ ಬಿಡಾರ ಹೂಡುತ್ತಾರೆ. ಬೆಳಗ್ಗೆ ಬಾಗಿಲು ತೆರೆದರೆ ತಲೆ ಮೇಲೆ ಬಲೂನ್. ಅವಳಿಗೆ ಅದೇ ಆಗಬೇಕಂತೆ. ನನಗೂ ಆಸೆ ಆಯಿತು, ಸುಳ್ಳು ಹೇಳುವುದಿಲ್ಲ.

ಕೊಚ್ಚಿ ಕಡೆಯ ಒಬ್ಬರು ಕ್ಯಾರವಾನ್ ಬಾಡಿಗೆಗೆ ಕೊಡುತ್ತಾರೆ. ದಿನಕ್ಕೆ 16 ಸಾವಿರ. ಡೀಸೆಲ್ ಬೇರೆ. ಗಾಡಿ ಇಲ್ಲಿಗೆ ತರುವ, ವಾಪಸ್ ಕೊಂಡುಹೋಗುವ ಖರ್ಚೂ ನಮ್ಮದೇ. ನಾಲ್ಕು ದಿನಕ್ಕೆ ಲೆಕ್ಕ ಹಾಕಿದ್ದೇನೆ, ಹೆಂಡತಿಗೆ ಇನ್ನೂ ಹೇಳಿಲ್ಲ. ಇದು ಬೇಕಾ? ಯಾವ ದಾರಿ ಒಳ್ಳೆಯದು? ರಾತ್ರಿ ಗಾಡಿ ಎಲ್ಲಿ ನಿಲ್ಲಿಸುವುದು? ಗೊತ್ತಿದ್ದವರು ಹೇಳಿ.

ಗೇರುಬೀಜ · 9.52

64 ಸಾವಿರ, ಮೇಲಿಂದ ಡೀಸೆಲ್. ಹೆಂಡತಿಗೆ ಹೇಳಿ ನೋಡಿ, ನಿಮ್ಮನ್ನು ಬಲೂನ್ ಇಲ್ಲದೆಯೇ ಹಾರಿಸುತ್ತಾರೆ.

ಅಡ್ಡಮಾತು · 10.05

ಟ್ರೈನಿಗೆ ಏನಾಗಿದೆ? ಮಂಗಳೂರು–ಕೊಯಮತ್ತೂರು ಇಂಟರ್‌ಸಿಟಿ ಕಾಸರಗೋಡಿನಲ್ಲಿ ನಿಲ್ಲುತ್ತದೆ. ಪಾಲಕ್ಕಾಡಿನಲ್ಲಿ ಇಳಿಯಿರಿ, ಅಲ್ಲಿಂದ ಪೊಲ್ಲಾಚಿ ಒಂದೂವರೆ ಗಂಟೆ. ಒಂದು ಲಾಡ್ಜ್ ಮಾಡಿ. ಯಾರದೋ ವಿಡಿಯೋ ನೋಡಿ ನಾವು ಮನೆಯನ್ನೇ ಹೊತ್ತುಕೊಂಡು ಹೋಗಬೇಕಾ?

ಕುಂಬಳೆ ಡ್ರೈವರ್ · 10.30

22 ವರ್ಷದಿಂದ ಟೂರಿಸ್ಟ್ ಗಾಡಿ ಓಡಿಸುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಬೇಡಿ.

ಕಾಸರಗೋಡಿನಿಂದ ಪೊಲ್ಲಾಚಿಗೆ 350 ಕಿ.ಮೀ. ಆಸುಪಾಸು. ಕಲ್ಲಿಕೋಟೆವರೆಗೆ ಎನ್‌ಎಚ್ 66. ಅಲ್ಲಿಂದ ಎನ್‌ಎಚ್ 966 ಹಿಡಿದು ಮಲಪ್ಪುರಂ, ಪೆರಿಂದಲ್ಮಣ್ಣ, ಮಣ್ಣಾರ್ಕ್ಕಾಡ್ ಮೂಲಕ ಪಾಲಕ್ಕಾಡ್. ಆಮೇಲೆ ಚಿಟ್ಟೂರು ದಾರಿಯಲ್ಲಿ ಹೋದರೆ ಗೋಪಾಲಪುರಂನಲ್ಲಿ ತಮಿಳುನಾಡು ಗಡಿ, ಅಲ್ಲಿಂದ ಪೊಲ್ಲಾಚಿ ಹತ್ತಿರವೇ. ಮ್ಯಾಪಿನಲ್ಲಿ ಎಂಟು ಗಂಟೆ ಅಂತ ತೋರಿಸಬಹುದು. ನಂಬಬೇಡಿ. ತಲಪಾಡಿಯಿಂದ ಚೆಂಗಳವರೆಗಿನ ಹೊಸ ಆರು ಪಥ ನೋಡಿ ಇಡೀ ದಾರಿ ಹಾಗೇ ಇರುತ್ತದೆ ಅಂದುಕೊಂಡರೆ ಮುಂದೆ ಅಳಬೇಕಾಗುತ್ತದೆ. ಮಕ್ಕಳು, ವಯಸ್ಸಾದವರು ಇದ್ದರೆ ಹನ್ನೊಂದು ಗಂಟೆ ಹಿಡಿಯಿರಿ. ಜನವರಿ 14 ಎಂದರೆ ಮಕರ ಜ್ಯೋತಿ. ಅದರ ಹಿಂದಿನ ನಾಲ್ಕು ದಿನ ನಮ್ಮ ಹೈವೇಯಲ್ಲಿ ಶಬರಿಮಲೆಗೆ ಹೋಗುವ ಗಾಡಿಗಳೇ ಜಾಸ್ತಿ.

ಇನ್ನು ಕ್ಯಾರವಾನ್ ವಿಷಯ. ಎಂಟು ಸೀಟು ಅಂದರೆ ಎಂಟು ಹಾಸಿಗೆ ಅಲ್ಲ ಮಾರಾಯ್ರೇ! ನಾನು ನೋಡಿದ ಗಾಡಿಗಳಲ್ಲಿ ನಾಲ್ಕು ಜನ ಸರಿಯಾಗಿ ಮಲಗಬಹುದು. ಉಳಿದ ನಾಲ್ಕು ಜನ ಕೂತೇ ಬೆಳಗು ಮಾಡಬೇಕು. ಎಸಿ ರಾತ್ರಿಯಿಡೀ ಬೇಕಾದರೆ ಜನರೇಟರ್ ಹಾಕಬೇಕು, ಇಲ್ಲ ಹೊರಗಿನಿಂದ ಕರೆಂಟ್ ಎಳೆಯಬೇಕು. ಮತ್ತೆ ನಂಬರ್ ಪ್ಲೇಟ್ ನೋಡಿ. ಬಿಳಿ ಪ್ಲೇಟ್ ಆದರೆ ಮುಟ್ಟಬೇಡಿ. ಬಾಡಿಗೆ ಗಾಡಿಗೆ ಹಳದಿ ಪ್ಲೇಟ್ ಬೇಕು, ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಬೇಕು. ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ಕೇಳುವುದು ಅದನ್ನೇ. ಟ್ರಾವೆಲ್ಲರ್ ವ್ಯಾನನ್ನು ಮನಸ್ಸಿಗೆ ಬಂದ ಹಾಗೆ ಕೊಯ್ದು ಮನೆ ಮಾಡಿದ ಗಾಡಿಗಳೂ ಉಂಟು. 2021ರಲ್ಲಿ ಕಣ್ಣೂರಿನಲ್ಲಿ ವ್ಲಾಗರ್ ಹುಡುಗರ ಗಾಡಿ ಹಿಡಿದು ಎಷ್ಟು ದೊಡ್ಡ ಗಲಾಟೆ ಆಯಿತು, ನೆನಪಿದೆಯಲ್ಲ?

ನೀರ್ಚಾಲು ನಿವಾಸಿ · 10.41

ನಾಲ್ಕೇ ಜನ ಮಲಗುವುದಾ? ಅವರು ಫೋನಿನಲ್ಲಿ "ಎಯ್ಟ್ ಪೀಪಲ್ ಕಂಫರ್ಟಬಲ್" ಅಂದಿದ್ದರು.

ಗೇರುಬೀಜ · 10.43

ಕಂಫರ್ಟಬಲ್ ಆಗಿ ಕೂರಬಹುದು ಅಂದಿರಬೇಕು.

ತಾಳವಾಡಿ ಗೌಡ · ಡಿಸೆಂಬರ್ 9, ಬೆಳಗ್ಗೆ 6.15

ನಮ್ಮ ಕಡೆಯಿಂದ ಬನ್ನಿ ಸ್ವಾಮಿ. ಸುಳ್ಯ, ಮಡಿಕೇರಿ, ಮೈಸೂರು, ಚಾಮರಾಜನಗರ, ಹಾಸನೂರು, ದಿಂಬಂ ಘಾಟಿ ಇಳಿದರೆ ಬಣ್ಣಾರಿ, ಸತ್ಯಮಂಗಲ, ಕೊಯಮತ್ತೂರು. ನೂರು ಕಿಲೋಮೀಟರ್‌ಗೂ ಜಾಸ್ತಿ ಆಗುತ್ತೆ ನಿಜ. ಆದರೆ ಕಾಡಿನ ದಾರಿ, ಆನೆ ನೋಡಬಹುದು. ತಾಳವಾಡಿ ತಮಿಳುನಾಡಲ್ಲಿದ್ದರೂ ಊರೆಲ್ಲ ಕನ್ನಡ. ಸತ್ಯಮಂಗಲ, ಕೊಯಮತ್ತೂರು ಕಡೆ ದೇವಾಂಗದವರು, ಒಕ್ಕಲಿಗರು ಮನೆಯಲ್ಲಿ ಇವತ್ತೂ ಕನ್ನಡವನ್ನೇ ಆಡುತ್ತಾರೆ. ಕೇಳಿದರೆ ನಿಮಗೆ ಅರ್ಧ ತಿಳಿಯುತ್ತೆ, ಅರ್ಧ ತಿಳಿಯಲ್ಲ, ಅಷ್ಟೇ.

ಒಂದು ವಿಷಯ. 2022ರಿಂದ ದಿಂಬಂನಲ್ಲಿ ರಾತ್ರಿ ಸಂಚಾರಕ್ಕೆ ತಡೆ ಇದೆ. ದೊಡ್ಡ ಗಾಡಿಗೆ ಸಂಜೆ 6ರಿಂದ, ಸಣ್ಣ ಗಾಡಿಗೆ ರಾತ್ರಿ 9ರಿಂದ, ಬೆಳಗ್ಗೆ 6ರವರೆಗೆ.

ಕುಂಬಳೆ ಡ್ರೈವರ್ · 6.50

ಗೌಡ್ರೇ, ದಿಂಬಂನಲ್ಲಿ 27 ಹೇರ್‌ಪಿನ್ ತಿರುವು. ಅವರ ಮಗನಿಗೆ ವಾಂತಿ ಅಂತ ಮೊದಲೇ ಬರೆದಿದ್ದಾರೆ.

ತಾಳವಾಡಿ ಗೌಡ · 6.58

ಓ, ಅದನ್ನ ನೋಡಲಿಲ್ಲ. ಹಾಗಾದರೆ ಬೇಡ. ಕಾಫಿಗಾದರೂ ಒಂದು ಸಲ ಬನ್ನಿ.

ಮಲೆನಾಡು ಮೋಹನ · 7.20

ಊಟಿ ಮೇಲಿಂದ ಹೋದರೆ?

ಕುಂಬಳೆ ಡ್ರೈವರ್ · 7.26

ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟ್ ಬಂದ್. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇರೆ ಮಾಡಿಸಬೇಕು. ಮತ್ತೆ ಅದೂ ಘಾಟಿಯೇ. ಎನ್‌ಎಚ್ 966 ಬಿಟ್ಟು ಬೇರೆ ಮಾತು ಬೇಡ.

ಅರಿಜೋನಾ ಅಡಿಕೆ · 8.10

ಊರು ಪೆರ್ಲ, ಈಗ ಇರುವುದು ಫೀನಿಕ್ಸಿನಲ್ಲಿ. ಆ ಅಮೆರಿಕದ ಹಬ್ಬಕ್ಕೆ ನಾವು ಕ್ಯಾರವಾನಿನಲ್ಲೇ ಹೋಗಿದ್ದೆವು. ಇಲ್ಲಿ ಅದಕ್ಕೆ ಆರ್‌ವಿ ಎನ್ನುತ್ತಾರೆ. ವಿಡಿಯೋದಲ್ಲಿ ಕಾಣದ್ದನ್ನು ಸ್ವಲ್ಪ ಹೇಳುತ್ತೇನೆ, ಮಗಳಿಗೂ ಓದಿಸಿ.

ಹಬ್ಬ ನಡೆಯುವುದು ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ಊರಿನಲ್ಲಿ, ಅಕ್ಟೋಬರ್ ಮೊದಲ ವಾರ, ಒಂಬತ್ತು ದಿನ. 1972ರಲ್ಲಿ ಒಂದು ಮಾಲ್‌ನ ಪಾರ್ಕಿಂಗಿನಲ್ಲಿ 13 ಬಲೂನುಗಳಿಂದ ಶುರುವಾಯಿತು. ಈಗ 500ಕ್ಕೂ ಜಾಸ್ತಿ. ನಾವು ಬಾಡಿಗೆ ಆರ್‌ವಿಯಲ್ಲಿ 670 ಕಿ.ಮೀ. ಓಡಿಸಿಕೊಂಡು ಹೋದೆವು. ದಾರಿ ನೇರ, ಮರುಭೂಮಿ, ಒಂದು ಗೂಡಂಗಡಿಯೂ ಇಲ್ಲ. ಅಂಥ ದೇಶಕ್ಕೆ ಆ ಗಾಡಿ ಸರಿ. ನಮ್ಮಲ್ಲಿ ಹತ್ತು ಕಿಲೋಮೀಟರ್‌ಗೆ ಒಂದು ಹೋಟೆಲು ಸಿಗುತ್ತದೆ, ನೆನಪಿರಲಿ.

ಮೈದಾನದ ಹತ್ತಿರ ಆರ್‌ವಿ ನಿಲ್ಲಿಸುವ ಜಾಗ ಉಂಟು, ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ನಮಗೆ ಸಿಕ್ಕಿದ್ದು ನೀರು, ಕರೆಂಟ್ ಎರಡೂ ಇಲ್ಲದ ಜಾಗ. ಟ್ಯಾಂಕಿನಲ್ಲಿ ಇದ್ದಷ್ಟೇ ನೀರು. ಐದು ಜನ, ಮೂರು ದಿನ. ಸ್ನಾನ ಅಂದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು. ಎರಡನೇ ದಿನ ರಾತ್ರಿ ಕಕ್ಕಸಿನ ಟ್ಯಾಂಕ್ ತುಂಬಿದ ಲೈಟ್ ಬಂತು. ನನ್ನ ಅತ್ತೆ ಅಂದಿನಿಂದ ನೀರು ಕುಡಿಯುವುದನ್ನೇ ನಿಲ್ಲಿಸಿದರು. ಕೊನೆಗೆ ಪೈಪ್ ಹಾಕಿ ಅದನ್ನು ಖಾಲಿ ಮಾಡುವ ಕೆಲಸ ಯಾರದು? ಗಾಡಿ ಬುಕ್ ಮಾಡಿದವನದು. ನಿಮ್ಮ ಮನೆಯಲ್ಲಿ ಯಾರು ಬುಕ್ ಮಾಡುತ್ತಿದ್ದಾರೆ, ಆಲೋಚಿಸಿ.

ಬಲೂನ್ ಮಾತ್ರ ಅದ್ಭುತ. ಬೆಳಗ್ಗೆ ಕತ್ತಲಲ್ಲಿ ಮೊದಲು ಕೆಲವೇ ಬಲೂನ್ ಏಳುತ್ತವೆ, ಗಾಳಿ ಹೇಗಿದೆ ಅಂತ ನೋಡಲಿಕ್ಕೆ. ಆಮೇಲೆ ಹಸಿರು ಬಾವುಟ ಏರಿದರೆ ಉಳಿದವು. ಕಪ್ಪು ಬಿಳಿ ಪಟ್ಟೆಯ ಅಂಗಿ ಹಾಕಿದವರು ಶಿಳ್ಳೆ ಊದಿ ಒಂದೊಂದನ್ನೇ ಬಿಡುತ್ತಾರೆ. ಅವರಿಗೆ ಜೀಬ್ರಾ ಅಂತಲೇ ಹೆಸರು. ಮೈದಾನದ ನಡುವೆಯೇ ಓಡಾಡಬಹುದು, ಬರ್ನರಿನ ಶಾಖ ಮುಖಕ್ಕೆ ಬಡಿಯುತ್ತದೆ. ಆದರೆ ಕೆಂಪು ಬಾವುಟ ಏರಿದ ದಿನ ಎಲ್ಲ ಸೊನ್ನೆ. ನಮ್ಮ ಮೂರು ದಿನದಲ್ಲಿ ಒಂದು ದಿನ ಹಾಗೇ ಹೋಯಿತು.

ಮೀಯಪದವು ಅಮ್ಮ · 8.35

ಅತ್ತೆಯ ಕಥೆ ಓದಿ ನಗು ಬಂತು, ಆದರೆ ಅದೇ ಮುಖ್ಯ ವಿಷಯ. ಗಂಡಸರು ದಾರಿ, ಡೀಸೆಲ್, ಪ್ಲೇಟ್ ಎಲ್ಲ ಮಾತಾಡಿದಿರಿ. ಹೆಂಗಸರಿಗೆ ಬೆಳಗ್ಗೆ ನಾಲ್ಕು ಗಂಟೆಗೆ ಟಾಯ್ಲೆಟ್ ಎಲ್ಲಿ?

ಗೇರುಬೀಜ · 8.37

ಮೌನ.

ಬದಿಯಡ್ಕ ಟೀಚರ್ · 11.20

ರಿಟೈರ್ ಆದ ವಿಜ್ಞಾನ ಟೀಚರ್ ನಾನು. ಅಡಿಕೆಯವರು ಬರೆದ ಬಾವುಟದ ವಿಷಯ ಎಲ್ಲಕ್ಕಿಂತ ದೊಡ್ಡದು. ಗಾಡಿ ಯಾವುದು ಎನ್ನುವುದು ಎರಡನೇ ಪ್ರಶ್ನೆ.

ಬಿಸಿಗಾಳಿ ಬಲೂನಿಗೆ ಸ್ಟೇರಿಂಗ್ ಇಲ್ಲ. ಮೇಲೆ ಏರುವುದು, ಕೆಳಗೆ ಇಳಿಯುವುದು, ಇವೆರಡೇ ಪೈಲಟ್ ಕೈಯಲ್ಲಿ. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸುತ್ತದೆ, ಬೇಕಾದ ಗಾಳಿ ಹುಡುಕಿ ಅದರಲ್ಲಿ ಸೇರಿಕೊಳ್ಳಬೇಕು. ಆಲ್ಬುಕರ್ಕಿ ಹೆಸರುವಾಸಿ ಆದದ್ದೇ ಇದರಿಂದ. ಅಲ್ಲಿ ಕೆಲವು ಬೆಳಗ್ಗೆ ಕೆಳಗಿನ ಗಾಳಿ ದಕ್ಷಿಣಕ್ಕೆ, ಮೇಲಿನ ಗಾಳಿ ಉತ್ತರಕ್ಕೆ. ಹಾಗಾಗಿ ಹೊರಟ ಜಾಗದ ಹತ್ತಿರಕ್ಕೇ ವಾಪಸ್ ಬರಬಹುದು.

ಬೆಳಗ್ಗೆಯೇ ಯಾಕೆ ಹಾರಿಸುತ್ತಾರೆ? ಬಿಸಿಲು ಏರಿದ ಮೇಲೆ ನೆಲ ಕಾದು ಗಾಳಿ ಅಲ್ಲಲ್ಲಿ ಮೇಲಕ್ಕೆ ನುಗ್ಗುತ್ತದೆ, ಬಲೂನ್ ಹಿಡಿತ ತಪ್ಪುತ್ತದೆ. ಇನ್ನೊಂದು ಕಾರಣ ಲೆಕ್ಕದಲ್ಲಿ ಉಂಟು. ಒಂದು ಸಾಧಾರಣ ಬಲೂನಿನ ಹೊಟ್ಟೆ ಸುಮಾರು 2,200 ಘನ ಮೀಟರ್. ಹೊರಗೆ 20 ಡಿಗ್ರಿ, ಒಳಗೆ 100 ಡಿಗ್ರಿ ಇದ್ದರೆ ಒಂದು ಘನ ಮೀಟರ್ ಕಾಲು ಕೆ.ಜಿ. ಎತ್ತುತ್ತದೆ. ಒಟ್ಟು 550 ಕೆ.ಜಿ. ಬಟ್ಟೆ, ಬುಟ್ಟಿ, ಬರ್ನರ್, ಗ್ಯಾಸ್ ಸಿಲಿಂಡರ್ ಕಳೆದರೆ ಪೈಲಟ್ ಸೇರಿ ಮೂರ್ನಾಲ್ಕು ಜನ. ಒಳಗೆ ಅದೇ 100 ಡಿಗ್ರಿ ಇಟ್ಟುಕೊಂಡು ಹೊರಗೆ 32 ಡಿಗ್ರಿ ಆಯಿತು ಅನ್ನಿ, ಎತ್ತುವ ಶಕ್ತಿ ಸುಮಾರು 100 ಕೆ.ಜಿ. ಕಡಿಮೆ ಆಗುತ್ತದೆ. ಅಂದರೆ ನಿಮ್ಮ ಭಾವ ಇಳಿಯಬೇಕು.

ನೀರ್ಚಾಲು ನಿವಾಸಿ · 11.31

ಟೀಚರೇ, ಭಾವ 100 ಅಲ್ಲ, 104. ಅವರೂ ಇದನ್ನು ಓದುತ್ತಿದ್ದಾರೆ.

ಅಡ್ಡಮಾತು · 11.45

ಸ್ಟೇರಿಂಗ್ ಇಲ್ಲ, ಬ್ರೇಕ್ ಇಲ್ಲ, ತಲೆ ಮೇಲೆ ಬೆಂಕಿ. 2013ರಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ ಬಲೂನಿಗೆ ಬೆಂಕಿ ಬಿದ್ದು 19 ಜನ ಸತ್ತರು. ಮಕ್ಕಳನ್ನು ಅದರಲ್ಲಿ ಕೂರಿಸುತ್ತೀರಾ?

ಬದಿಯಡ್ಕ ಟೀಚರ್ · 12.10

ಕೂರಿಸುವುದಲ್ಲ, ನಿಲ್ಲಿಸುವುದು. ಬುಟ್ಟಿಯಲ್ಲಿ ಸೀಟ್ ಇರುವುದಿಲ್ಲ. ನಿಮ್ಮ ಹೆದರಿಕೆ ತಪ್ಪಲ್ಲ. 2016ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಬಲೂನ್ ಕರೆಂಟ್ ತಂತಿಗೆ ತಾಗಿ 16 ಜನ ಹೋದರು. ತಂತಿಯೇ ದೊಡ್ಡ ಶತ್ರು. ಅದಕ್ಕೇ ಗಾಳಿ ಸ್ವಲ್ಪ ಜೋರಾದರೂ ಪೈಲಟ್ ಇವತ್ತು ಇಲ್ಲ ಅಂದುಬಿಡುತ್ತಾನೆ. ಹಾಗೆ ಹೇಳಿದರೆ ದುಡ್ಡು ಹೋಯಿತು ಅಂತ ಜಗಳ ಮಾಡಬಾರದು.

ಹಬ್ಬಗಳಲ್ಲಿ ಎರಡು ತರಹದ ಸವಾರಿ. ಬೆಳಗ್ಗೆ ಬಿಟ್ಟು ಹಾರಿಸುವುದು, ಅದು ತುಂಬ ದುಬಾರಿ. ಇನ್ನೊಂದು, ಹಗ್ಗ ಕಟ್ಟಿ ಸ್ವಲ್ಪ ಎತ್ತರಕ್ಕೆ ಏರಿಸಿ ಇಳಿಸುವುದು. ಮಕ್ಕಳಿಗೆ ಎರಡನೆಯದೇ ಸಾಕು. ನಿಮ್ಮ ಅಪ್ಪನವರಿಗೆ ಮಾತ್ರ ಯಾವುದೂ ಬೇಡ. ಬುಟ್ಟಿಗೆ ಬಾಗಿಲಿಲ್ಲ, ಬದಿಯ ಕಂಡಿಯಲ್ಲಿ ಕಾಲಿಟ್ಟು ಹತ್ತಿ ದಾಟಬೇಕು. ಇಳಿಯುವಾಗ ಮೊಣಕಾಲು ಬಗ್ಗಿಸಿ ಹಗ್ಗ ಹಿಡಿದುಕೊಳ್ಳಬೇಕು. ಗಂಟು ನೋವಿನವರಿಗೆ ಅದು ಆಗದ ಕೆಲಸ.

ಚೌಕಿಮನೆ · 12.40

ಬುಟ್ಟಿ ಇವತ್ತಿಗೂ ಬೆತ್ತದ್ದೇ ಅಲ್ವಾ? ಪ್ಲಾಸ್ಟಿಕ್ ಯಾಕೆ ಮಾಡಲಿಲ್ಲ?

ಬದಿಯಡ್ಕ ಟೀಚರ್ · 12.52

ಬೆತ್ತ ಬಾಗುತ್ತದೆ, ನೆಲಕ್ಕೆ ಬಡಿದಾಗ ಪೆಟ್ಟು ತಾನೇ ನುಂಗುತ್ತದೆ. ಮತ್ತೆ ಹಗುರ. 1783ರಲ್ಲಿ ಫ್ರಾನ್ಸಿನ ಮಾಂಟ್‌ಗೋಲ್ಫಿಯೇ ಅಣ್ಣತಮ್ಮಂದಿರು ಬಲೂನಿನಲ್ಲಿ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಕಳಿಸಿದರು. ಕಾಗದ, ಬಟ್ಟೆಯ ಆ ಬಲೂನಿಗೆ ಕಟ್ಟಿದ್ದೂ ಹೆಣೆದ ಬುಟ್ಟಿಯೇ. ಮೂರೂ ಬದುಕಿದವು. ಎರಡು ತಿಂಗಳ ಮೇಲೆ ಮನುಷ್ಯ ಹಾರಿದ. ನಮ್ಮ ದೇಶದವರೇ ಆದ ವಿಜಯ್‌ಪತ್ ಸಿಂಘಾನಿಯಾ 2005ರಲ್ಲಿ ಮುಂಬಯಿಯಿಂದ ಎದ್ದು 69 ಸಾವಿರ ಅಡಿ ಏರಿದ್ದರು. ಅದು ಮಾತ್ರ ಬೆತ್ತದ ಬುಟ್ಟಿ ಅಲ್ಲ, ಗಾಳಿ ಹೋಗದ ಹಾಗೆ ಮುಚ್ಚಿದ ಗೂಡು.

ಗೇರುಬೀಜ · 1.05

ಹುಂಜ ಇಳಿದ ಮೇಲೆ ಕೋಳಿ ಅಂಕಕ್ಕೆ ಹೋಯಿತಾ?

ಉಪ್ಪಳ ಹುಡುಗ · 2.15

ಇದಕ್ಕೆಲ್ಲ ಕನ್ನಡದಲ್ಲಿ ಒಳ್ಳೆಯ ಹೆಸರು ಯಾಕಿಲ್ಲ? ಆಕಾಶಬುಟ್ಟಿ ಅನ್ನೋಣವಾ?

ಚೌಕಿಮನೆ · 2.22

ಘಟ್ಟದ ಮೇಲಿನವರಿಗೆ ಆಕಾಶಬುಟ್ಟಿ ಅಂದರೆ ದೀಪಾವಳಿಗೆ ತೂಗು ಹಾಕುವುದು. ನಮ್ಮ ಗೂಡುದೀಪ. ಗೊಂದಲ ಆಗುತ್ತದೆ.

ಮೀಯಪದವು ಅಮ್ಮ · 2.30

ನಾವು ಸಣ್ಣದಿರುವಾಗ ಬಲೂನಿಗೆ ಪುಗ್ಗೆ ಅಂತಿದ್ದೆವು. ಪುಗ್ಗೆ ಜಾತ್ರೆ. ಮುಗಿಯಿತು.

ಉಪ್ಪಳ ಹುಡುಗ · 2.31

ಪುಗ್ಗೆ ಜಾತ್ರೆ ಸೂಪರ್! ಕ್ಯಾರವಾನಿಗೆ?

ಹೊಸೂರು ಹೈದ · 2.40

ಮನೆಗಾಡಿ ಅನ್ನಿ. ನಮ್ಮ ಹೊಸೂರಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಲಸಿ ಆಡ್ತೀವಿ, ನಮಗೆ ಯಾವುದಾದರೂ ಆಗುತ್ತೆ.

ಚೌಕಿಮನೆ · 3.10

ನಗಬೇಡಿ. ನಮ್ಮ ಮೊದಲ ಮನೆಗಾಡಿ ಯಕ್ಷಗಾನ ಮೇಳದ ಗಾಡಿ. ರಂಗಸ್ಥಳದ ಸಾಮಾನು, ಕಿರೀಟದ ಪೆಟ್ಟಿಗೆ, ಅಡುಗೆಯವರು, ಪಾತ್ರೆ, ದೇವರು, ಎಲ್ಲ ಅದರಲ್ಲೇ. ಆರು ತಿಂಗಳು ದಿನಕ್ಕೊಂದು ಊರು. ಆಟ ಮುಗಿದ ಮೇಲೆ ಕಲಾವಿದರು ಮಲಗುವುದೂ ದಾರಿಯಲ್ಲೇ. ಅದಾದ ಮೇಲೆ ನೆನಪಾಗುವುದು ಕಾಶಿಯಾತ್ರೆಯ ಬಸ್ಸು. 1988ರಲ್ಲಿ ನನ್ನ ಅಜ್ಜ ಅಜ್ಜಿ ಹೋಗಿದ್ದರು. ಬಸ್ಸಿನ ತಲೆ ಮೇಲೆ ಅಕ್ಕಿ ಚೀಲ, ಉಪ್ಪಿನಕಾಯಿ ಭರಣಿ, ಹಪ್ಪಳದ ಡಬ್ಬ. ಹಿಂದಿನ ಸೀಟಿನಲ್ಲಿ ಅಡುಗೆ ಭಟ್ಟರು. ಬೆಳಗ್ಗೆ ಹತ್ತು ಗಂಟೆಗೇ ಎಲ್ಲಾದರೂ ನದಿ ಬದಿಯಲ್ಲಿ ನಿಲ್ಲಿಸಿ ಒಲೆ ಹೂಡುವುದು. ಇಪ್ಪತ್ತೆರಡು ದಿನ ಅಜ್ಜಿ ಒಂದು ಹೋಟೆಲಿನ ಲೋಟ ಮುಟ್ಟಲಿಲ್ಲ. ವಾಪಸ್ ಬಂದಾಗ ಭರಣಿಯಲ್ಲಿ ಉಪ್ಪಿನಕಾಯಿ ಇನ್ನೂ ಇತ್ತು.

ಹಾಗಾಗಿ ಒಂದು ಸಲಹೆ. ಕ್ಯಾರವಾನ್ ಬಿಡಿ. 12 ಸೀಟಿನ ಟ್ರಾವೆಲ್ಲರ್ ಮಾಡಿ. ಹಿಂದಿನ ಸೀಟಿನಲ್ಲಿ ಅಡುಗೆ ಸಾಮಾನು.

ನೀರ್ಚಾಲು ನಿವಾಸಿ · 3.32

ಅಮ್ಮನಿಗೆ ಇದನ್ನು ಓದಿ ಹೇಳಿದೆ. ತಕ್ಷಣ ಅಟ್ಟದಿಂದ ಇಡ್ಲಿ ಅಟ್ಟಿನಳಗೆ ಇಳಿಸಲಿಕ್ಕೆ ಹೇಳಿದ್ದಾರೆ.

ಮೀಯಪದವು ಅಮ್ಮ · 3.40

ಪ್ರಯಾಣಕ್ಕೆ ಇಡ್ಲಿ ಅಲ್ಲ. ಅವಲಕ್ಕಿ, ಮಜ್ಜಿಗೆ ಮೆಣಸು, ಚಪಾತಿ ಸಾಕು. ಐದು ಕೆ.ಜಿ.ಯ ಸಣ್ಣ ಸಿಲಿಂಡರ್ ಒಂದು. ಗಾಡಿ ಒಳಗೆ ಒಲೆ ಹಚ್ಚಬೇಡಿ, ಹೊರಗೆ ಇಳಿಸಿ. ನನ್ನ ಟಾಯ್ಲೆಟ್ ಪ್ರಶ್ನೆಗೆ ಇನ್ನೂ ಉತ್ತರ ಬರಲಿಲ್ಲ, ನೆನಪಿರಲಿ.

ಪಾಲಕ್ಕಾಡ್ ಪಕ್ಕದವ · ಡಿಸೆಂಬರ್ 10, ರಾತ್ರಿ 8.00

ಮೂಲ ಮಂಜೇಶ್ವರ, ಕೆಲಸ ಚಿಟ್ಟೂರಿನಲ್ಲಿ, ಹದಿನಾಲ್ಕು ವರ್ಷ ಆಯಿತು. ಪೊಲ್ಲಾಚಿ ಹಬ್ಬಕ್ಕೆ ಎರಡು ಸಲ ಹೋಗಿದ್ದೇನೆ. ಈ ಚರ್ಚೆ ಈಗ ಕಣ್ಣಿಗೆ ಬಿತ್ತು.

ಹಬ್ಬ 2015ರಲ್ಲಿ ಪೊಲ್ಲಾಚಿಯಲ್ಲೇ ಶುರುವಾದದ್ದು. 2025ರಲ್ಲಿ ಹತ್ತನೆಯದು, ಆಗ ಚೆನ್ನೈ, ಪೊಲ್ಲಾಚಿ, ಮಧುರೆ ಮೂರು ಕಡೆ ಮಾಡಿದರು. ಪೊಲ್ಲಾಚಿಯಲ್ಲಿ ಜನವರಿ 14ರಿಂದ 16. ಪ್ರತಿ ವರ್ಷ ಅದೇ ದಿನ ಅಂತ ಇಲ್ಲ, ಟಿಕೆಟ್ ಮಾಡುವ ಮೊದಲು ನೋಡಿಕೊಳ್ಳಿ. ಬೆಳಗ್ಗೆ ಆರೂವರೆ ಸುಮಾರಿಗೆ ಬಲೂನ್ ಏಳುತ್ತವೆ. ಆಮೇಲೆ ಇಡೀ ದಿನ ಏನೂ ಇಲ್ಲ. ಮತ್ತೆ ಸಂಜೆ ಹಗ್ಗ ಕಟ್ಟಿದ ಬಲೂನ್, ಕತ್ತಲಾದ ಮೇಲೆ ಬರ್ನರ್ ಹಚ್ಚಿ ಬೆಳಗಿಸುವುದು. ಜಾಸ್ತಿ ಜನ ಬರುವುದು ಸಂಜೆಗೆ. ನಿಜವಾದದ್ದು ಬೆಳಗ್ಗೆ.

ಈಗ ಗಾಳಿ. ಟೀಚರ್ ಹೇಳಿದ್ದನ್ನು ನಮ್ಮ ಊರಿಗೆ ಇಳಿಸುತ್ತೇನೆ. ಪಶ್ಚಿಮ ಘಟ್ಟದಲ್ಲಿ 30-40 ಕಿ.ಮೀ. ಅಗಲದ ಒಂದು ಕಂಡಿ ಉಂಟು, ಅದೇ ಪಾಲಕ್ಕಾಡ್ ಕಣಿವೆ. ಪೊಲ್ಲಾಚಿ ಇರುವುದು ಅದರ ಪೂರ್ವದ ಬಾಯಿಯಲ್ಲಿ. ಡಿಸೆಂಬರ್, ಜನವರಿಯಲ್ಲಿ ತಮಿಳುನಾಡು ಕಡೆಯಿಂದ ಗಾಳಿ ಈ ಕಂಡಿಯಲ್ಲಿ ನುಗ್ಗಿ ಕೇರಳಕ್ಕೆ ಬರುತ್ತದೆ. ಇಲ್ಲಿಯವರು ವೃಶ್ಚಿಕ ಕಾಟ್ಟು, ಅಂದರೆ ವೃಶ್ಚಿಕ ಮಾಸದ ಗಾಳಿ, ಎನ್ನುತ್ತಾರೆ. ಒಣ ಗಾಳಿ, ತುಟಿ ಒಡೆಯುತ್ತದೆ. ಒಣಹಾಕಿದ ಬಟ್ಟೆ ಪಕ್ಕದ ಮನೆಗೆ ಹೋಗುತ್ತದೆ. ಹಾಗಾಗಿ ಪೊಲ್ಲಾಚಿಯಲ್ಲಿ ಎದ್ದ ಬಲೂನ್ ಪಾಸ್, ಪರ್ಮಿಟ್ ಏನೂ ಇಲ್ಲದೆ ಗಡಿ ದಾಟಿ ಪಾಲಕ್ಕಾಡ್ ಜಿಲ್ಲೆಯ ಗದ್ದೆಯಲ್ಲಿ ಇಳಿದದ್ದು ಉಂಟು, ಪೇಪರಿನಲ್ಲೂ ಬಂದಿತ್ತು. ಊರಿನವರೆಲ್ಲ ಓಡಿ ಹೋಗಿ ಫೋಟೋ ತೆಗೆದರು.

ಇನ್ನೊಂದು, ಅಲ್ಲಿ ಎಲ್ಲಿ ನೋಡಿದರೂ ತೆಂಗು. ಪೈಲಟಿಗೆ ಇಳಿಯಲಿಕ್ಕೆ ಖಾಲಿ ಗದ್ದೆ ಹುಡುಕಬೇಕು. ಬಲೂನ್ ಇಳಿದ ಕಡೆಗೆ ಅವರದೇ ಜೀಪ್ ಹುಡುಕಿಕೊಂಡು ಓಡುತ್ತದೆ. ನೀವು ಅದರ ಹಿಂದೆ ನಿಮ್ಮ ಮನೆಗಾಡಿ ಓಡಿಸುವ ಕನಸು ಕಾಣಬೇಡಿ. ತೋಟದ ದಾರಿಯಲ್ಲಿ ಸಿಕ್ಕಿಕೊಂಡರೆ ಹಿಂದೆ ತೆಗೆಯಲಿಕ್ಕೂ ಆಗುವುದಿಲ್ಲ.

ಉಪ್ಪಳ ಹುಡುಗ · 8.14

ಇಳಿದ ಮೇಲೆ ಶಾಂಪೇನ್ ಒಡೆಯುತ್ತಾರೆ ಅಂತ ಕೇಳಿದ್ದೆ?

ಬದಿಯಡ್ಕ ಟೀಚರ್ · 8.25

ಅದು ಫ್ರಾನ್ಸಿನ ಕಾಲದ ಕಥೆ ಅಂತ ಬಲೂನಿನವರು ಹೇಳುತ್ತಾರೆ. ಹೊಲದಲ್ಲಿ ಇಳಿದರೆ ರೈತರು ಕೋಲು ಹಿಡಿದು ಬರುತ್ತಿದ್ದರಂತೆ, ಅವರನ್ನು ಸಮಾಧಾನ ಮಾಡಲಿಕ್ಕೆ ಬಾಟಲಿ. ಪಾಲಕ್ಕಾಡಿನಲ್ಲಾದರೆ ಚಹಾ ಕುಡಿಸಿ ಕಳಿಸುತ್ತಾರೆ.

ಅಡ್ಡಮಾತು · 8.40

ಅಂದರೆ 350 ಕಿ.ಮೀ. ಹೋಗಿ, ಮೂರು ಗಂಟೆ ರಾತ್ರಿಗೆ ಎದ್ದು, ಗಾಳಿ ಜೋರಾದರೆ ವಾಪಸ್ ಬರುವುದು. ಚೆನ್ನಾಗಿದೆ.

ಪಾಲಕ್ಕಾಡ್ ಪಕ್ಕದವ · 8.55

ಹೌದು, ನಾನು ಮೊದಲ ಸಲ ಹೋದಾಗ ಹಾಗೇ ಆಯಿತು. ಒಂದೇ ಬೆಳಗ್ಗೆ ಇಟ್ಟುಕೊಂಡು ಹೋಗಿದ್ದೆ. ಏಳೂವರೆವರೆಗೆ ಚಳಿಯಲ್ಲಿ ನಿಂತು ಬರಿಗೈಯಲ್ಲಿ ಬಂದೆ. ಎರಡನೇ ಸಲ ಎರಡು ಬೆಳಗ್ಗೆ ಇಟ್ಟುಕೊಂಡೆ, ಎರಡನೆಯದರಲ್ಲಿ ಸಿಕ್ಕಿತು. ಎದ್ದ ಬಲೂನ್ ನಮ್ಮ ತಲೆ ಮೇಲೆಯೇ ಹೋಯಿತು. ಬರ್ನರ್ ನಿಲ್ಲಿಸಿದಾಗ ಎಷ್ಟು ನಿಶ್ಶಬ್ದ ಗೊತ್ತಾ? ಬುಟ್ಟಿಯೊಳಗೆ ಯಾರೋ ಕೆಮ್ಮಿದ್ದು ಕೇಳಿಸಿತು. ನನಗೆ ಇವತ್ತಿಗೂ ನೆನಪಿರುವುದು ಆ ಕೆಮ್ಮು.

ಅದಕ್ಕೇ ಹೇಳುವುದು, ಕ್ಯಾರವಾನಿನ 64 ಸಾವಿರದಲ್ಲಿ ಒಂದು ದಿನ ಜಾಸ್ತಿ ಉಳಿಯಿರಿ. ಆನೆಮಲೆ ರಸ್ತೆಯಲ್ಲಿ ತೋಟದ ಮನೆಗಳನ್ನು ಉಳಿಯಲಿಕ್ಕೆ ಕೊಡುತ್ತಾರೆ. ಅಂಗಳದಲ್ಲಿ ಗಾಡಿ ನಿಲ್ಲುತ್ತದೆ. ಬಚ್ಚಲು, ಟಾಯ್ಲೆಟ್ ಎರಡೂ ಇರುತ್ತವೆ, ಮೀಯಪದವು ಅಮ್ಮನಿಗೆ ಉತ್ತರ. ಅಡುಗೆ ಮಾಡಿಕೊಳ್ಳಬಹುದಾ ಅಂತ ಮೊದಲೇ ಕೇಳಿ. ಪೊಂಗಲ್ ದಿನಗಳಲ್ಲಿ ಅಂಗಡಿ ಮುಚ್ಚಿರುತ್ತವೆ, ಹಾಲು ತರಕಾರಿ ಹಿಂದಿನ ದಿನವೇ ತಗೊಳ್ಳಿ. ನಡುವಿನ ಹಗಲಿಗೆ ಆಳಿಯಾರ್ ಅಣೆಕಟ್ಟು, ಮಾಸಾಣಿ ಅಮ್ಮನ ದೇವಸ್ಥಾನ. ವಾಲ್ಪಾರೈಗೆ ಹೋಗಬೇಡಿ, 40 ತಿರುವು.

ಕುಂಬಳೆ ಡ್ರೈವರ್ · 9.05

ತೆಂಗಿನ ಮರದ ಅಡಿಯಲ್ಲಿ ಗಾಡಿ ನಿಲ್ಲಿಸಬೇಡಿ.

ಗೇರುಬೀಜ · 9.06

ಕಾಸರಗೋಡಿನವರಿಗೆ ಇದನ್ನು ಹೇಳಿಕೊಡಬೇಕಾ?

ಕುಂಬಳೆ ಡ್ರೈವರ್ · 9.08

ಹೇಳಿಕೊಡಬೇಕು. ಹೋದ ವರ್ಷ ನನ್ನ ಗಾಡಿಯ ಗ್ಲಾಸ್ ಹೋದದ್ದು ನಮ್ಮದೇ ಅಂಗಳದಲ್ಲಿ.

ಮೀಯಪದವು ಅಮ್ಮ · 9.20

ಉತ್ತರ ಸಿಕ್ಕಿತು. ಈಗ ಹೋಗಿ ಬನ್ನಿ ಎಲ್ಲರೂ. ಶಾಲು, ಟೋಪಿ ಮರೆಯಬೇಡಿ.

ನೀರ್ಚಾಲು ನಿವಾಸಿ · ಡಿಸೆಂಬರ್ 13, ರಾತ್ರಿ 9.15

ತೀರ್ಮಾನ ಆಯಿತು. ಕ್ಯಾರವಾನ್ ಇಲ್ಲ. ಕುಂಬಳೆ ಡ್ರೈವರಣ್ಣನ 12 ಸೀಟಿನ ಟ್ರಾವೆಲ್ಲರ್, ಹಳದಿ ಪ್ಲೇಟ್. ಹಬ್ಬದ ತಾರೀಕು ಗಟ್ಟಿಯಾದ ಕೂಡಲೇ ತೋಟದ ಮನೆ ಮೂರು ರಾತ್ರಿಗೆ. ಹೊರಡುವುದು ಬೆಳಗ್ಗೆ ನಾಲ್ಕಕ್ಕೆ, ಮಗ ನಿದ್ದೆಯಲ್ಲೇ ಕಲ್ಲಿಕೋಟೆ ದಾಟಲಿ ಅಂತ. ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಒಂದು ರಾತ್ರಿ ಅಂಗಳದಲ್ಲಿ ಗಾಡಿಯೊಳಗೇ ಮಲಗಬಹುದು ಅಂದ ಮೇಲೆ ಸರಿಯಾದಳು. ಅಪ್ಪ ಕೆಳಗೆ ಕುರ್ಚಿ ಹಾಕಿಕೊಂಡು ನೋಡುತ್ತಾರಂತೆ, ಮಡಚುವ ಕುರ್ಚಿ ಒಂದು ಗಾಡಿಗೆ ಹಾಕಬೇಕು. ಹೆಂಡತಿಗೆ 64 ಸಾವಿರದ ವಿಷಯ ಈಗ ಹೇಳಿದೆ. ಉಳಿಯಿತಲ್ಲ, ಅದರಲ್ಲಿ ಮಿಕ್ಸಿ ತಗೊಳ್ಳುವ ಅಂದಳು.

ನಾವು ಎಂಟು, ಚೌಕಿಮನೆಯವರೂ ಅವರ ಹೆಂಡತಿಯೂ ಬರುತ್ತಾರೆ. ಹಿಂದೆ ಒಂದು ಸೀಟಿನಲ್ಲಿ ಪಾತ್ರೆ, ಅಕ್ಕಿ. ಇನ್ನೊಂದು ಸೀಟು ಖಾಲಿ ಉಂಟು. ಖರ್ಚು ಹಂಚಿಕೊಂಡು ಬರುವವರು ಇದ್ದರೆ ಹೇಳಿ.

ಗೇರುಬೀಜ · 9.21

ನನಗೆ ರಜೆ ಇಲ್ಲ. ಛೆ.

ಅಡ್ಡಮಾತು · 9.50

ಕಿಟಕಿ ಪಕ್ಕದ ಸೀಟಾ?

ನೀರ್ಚಾಲು ನಿವಾಸಿ · 9.52

ಕಿಟಕಿ ಪಕ್ಕದ್ದೇ. ಆದರೆ ಈಚೆ ಬದಿಯಲ್ಲಿ ಭಾವ ಕೂರುತ್ತಾರೆ.

ಅಡ್ಡಮಾತು · 10.20

ಪಾತ್ರೆ ಪಕ್ಕ ಆದರೂ ಅಡ್ಡಿಯಿಲ್ಲ. ನನ್ನದು ಒಂದು ಬರೆದುಕೊಳ್ಳಿ. ವಾಪಸ್ ಬರುವುದು ಟ್ರೈನಿನಲ್ಲಿ, ಈಗಲೇ ಹೇಳಿದ್ದೇನೆ.